ಕವಿತಳ ಮಾತ್ರೆ ರಂಜಿತಳಿಗೆ ಆಗಲಿಲ್ಲ

ನಮ್ಮ ಕಡೆ ಹೆಂಗಸರು ಮಾತಿಗೆ ಕೂತರೆ ಯಾವ ಕಾಯಿಲೆಯನ್ನೂ ಬಿಡುವುದಿಲ್ಲ. ಅತ್ತೆಯ ಮಂಡಿನೋವು, ಗಂಡನ ಶುಗರು, ಮಗುವಿನ ಕೆಮ್ಮು, ಎಮ್ಮೆಯ ಕೆಚ್ಚಲು ಬಾವು, ಎಲ್ಲವೂ ಬೀದಿಯಲ್ಲೇ ಚರ್ಚೆಯಾಗುತ್ತವೆ. ಬಿಳಿಸೆರಗಿನ, ಅಂದರೆ ಕೆಳಗೆ ಬಿಳಿ ಹೋಗುವುದರ ಮಾತು ಮಾತ್ರ ಬರುವುದಿಲ್ಲ. ಬಂದರೂ ಸೆರಗು ಬಾಯಿಗೆ ಅಡ್ಡ ಹಿಡಿದು, ಪಕ್ಕದವಳ ಕಿವಿಯಲ್ಲಿ. ಎಮ್ಮೆಯ ಕೆಚ್ಚಲಿಗೆ ಇರುವ ಮರ್ಯಾದೆ ನಮ್ಮ ಮೈಗೆ ಇಲ್ಲವಲ್ಲ ಎಂದು ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಈ ಕಥೆ ಹೇಳುತ್ತಿದ್ದೇನೆ. ಮಹಿಳಾ ಸಂಘದಲ್ಲಿ ಓದುವವರು ಗಟ್ಟಿಯಾಗಿ ಓದಿ. ಕೇಳುವವರು ನೆಲ ನೋಡಬೇಡಿ.

ಮಳವಳ್ಳಿ ತಾಲ್ಲೂಕು, ಪೂರಿಗಾಲಿ ಕಡೆಯ ಒಂದು ಹಳ್ಳಿ. ಅಲ್ಲಿ ಶಿವರಾಜು ಎಂಬವನು ರೇಷ್ಮೆ ಮಾಡುತ್ತಾನೆ. ಹುಳ ಸಾಕುವುದರಲ್ಲಿ ಅವನದು ಒಳ್ಳೆಯ ಕೈ, ಸುತ್ತಮುತ್ತಲಿನವರು ಅವನನ್ನೇ ಕೇಳಿಕೊಂಡು ಬರುತ್ತಾರೆ. ತಾಯಿ ಅಂಕಮ್ಮ ಮನೆಯ ಯಜಮಾನಿ. ಅವಳು ಹೇಳಿದ್ದೇ ಶಾಸ್ತ್ರ. ಹೆಂಡತಿ ರಂಜಿತ ಮದ್ದೂರು ಹತ್ತಿರದ ಶಿವಪುರದ ಹುಡುಗಿ, ಪಿಯುಸಿ ಓದಿದವಳು, ಕೆಲಸಕ್ಕೆ ಹಿಂದೆಮುಂದೆ ನೋಡದವಳು. ಬೆಳಿಗ್ಗೆ ಸೊಪ್ಪು ಕೊಯ್ದು ತಂದು ಹುಳಕ್ಕೆ ಹಾಕುವುದು, ಹುಳದ ಹಿಕ್ಕೆ ತೆಗೆಯುವುದು, ಹುಳು ಮನೆ ತೊಳೆಯುವುದು ಎಲ್ಲ ಅವಳದೇ. ಮದುವೆಯಾದ ಮರುವರ್ಷ ಬಸುರಿಯಾದಳು. ಅಂಕಮ್ಮ ಅವಳಿಗೆ ಭಾರದ ಸೊಪ್ಪಿನ ಹೊರೆ ಹೊರಲು ಬಿಡಲಿಲ್ಲ, ಅಷ್ಟು ಪ್ರೀತಿಯಿಂದ ನೋಡಿಕೊಂಡಳು. ಅದನ್ನೂ ಹೇಳಬೇಕು, ಅವಳೇನು ಕೆಟ್ಟ ಹೆಂಗಸಲ್ಲ.

ಹೊಟ್ಟೆ ಕಾಣಿಸಿಕೊಳ್ಳುವ ಹೊತ್ತಿಗೆ ರಂಜಿತಳಿಗೆ ಕೆಳಗೆ ಉರಿ ಶುರುವಾಯಿತು. ಮೂತ್ರ ಮಾಡುವಾಗ ಚುರುಗುಟ್ಟುತ್ತಿತ್ತು. ಹಳದಿ ಹಸಿರು ಬಣ್ಣದ್ದು ನೊರೆನೊರೆಯಾಗಿ ಹೋಗುತ್ತಿತ್ತು, ಕೆಟ್ಟ ವಾಸನೆ. ದಿನಕ್ಕೆ ಎರಡು ಮೂರು ಸಲ ಬಟ್ಟೆ ಬದಲಾಯಿಸಿದರೂ ತನ್ನ ಮೈಯೇ ತನಗೆ ಹೇಸಿಗೆಯಾಗುತ್ತಿತ್ತು. ಗಂಡನಿಗೆ ಹೇಳಲು ನಾಚಿಕೆ, ಅತ್ತೆಗೆ ಹೇಳಲು ಹೆದರಿಕೆ. ಬಸುರಿ ತಪಾಸಣೆಗೆ ಹೋದಾಗ ಆಶಾ ಕಾರ್ಯಕರ್ತೆ, ನರ್ಸು ಇಬ್ಬರೂ ಏನಾದರೂ ತೊಂದರೆ ಇದೆಯಾ ಎಂದು ಕೇಳಿದರು. ಅತ್ತೆ ಪಕ್ಕದಲ್ಲೇ ನಿಂತಿದ್ದಳು. ಏನೂ ಇಲ್ಲ ಎಂದುಬಿಟ್ಟಳು.

ಕೊನೆಗೆ ಹೇಳಿದ್ದು ಮೂರನೇ ಮನೆಯ ಕವಿತಳಿಗೆ, ಸೊಪ್ಪಿನ ತೋಟದಲ್ಲಿ ಯಾರೂ ಇಲ್ಲದಾಗ. ಅದೂ ಏನಂತ? ಬಿಳಿ ಹೋಗುತ್ತಿದೆ ಅಂತ, ಅಷ್ಟೇ. ಕವಿತಳಿಗೂ ಹಿಂದಿನ ವರ್ಷ ಬಿಳಿ ಹೋಗುತ್ತಿತ್ತು. ಒಡೆದ ಮೊಸರಿನ ಹಾಗೆ ಗಟ್ಟಿಗಟ್ಟಿಯಾಗಿ, ತಡೆಯಲಾರದಷ್ಟು ತುರಿಕೆ. ವಾಸನೆ ಮಾತ್ರ ಇರಲಿಲ್ಲ. ಡಾಕ್ಟರು ಒಳಗಿಟ್ಟುಕೊಳ್ಳುವ ಮಾತ್ರೆ ಕೊಟ್ಟಿದ್ದರು, ವಾಸಿಯಾಗಿತ್ತು. ಆ ಮಾತ್ರೆಯ ಖಾಲಿ ಕವರನ್ನು ಅವಳು ಎತ್ತಿಟ್ಟಿದ್ದಳು, ಮತ್ತೆ ಬಂದರೆ ಇರಲಿ ಅಂತ.

"ನಂಗೂ ಇಂಗೇ ಆಗಿತ್ತು ಕಣೆ. ಇದ್ನೇ ತರಿಸ್ಕೊ, ವಾರದಲ್ ನಿಂತೋಯ್ತದೆ," ಎಂದು ಕವರು ಕೊಟ್ಟಳು.

ಒಬ್ಬಳು ಬಣ್ಣ ಕೇಳಲಿಲ್ಲ, ಇನ್ನೊಬ್ಬಳು ವಾಸನೆ ಹೇಳಲಿಲ್ಲ. ಇಬ್ಬರೂ ಬಿಳಿ ಎಂಬ ಒಂದೇ ಮಾತನ್ನು ಹಿಡಿದುಕೊಂಡು ಮನೆಗೆ ಹೋದರು. ರಂಜಿತ ಕವರು ತೋರಿಸಿದಳು, ಶಿವರಾಜು ಯಾತಕ್ಕೆಂದು ಕೇಳದೆ ಔಷಧಿ ಅಂಗಡಿಯಿಂದ ತಂದುಕೊಟ್ಟ. ಅಂಗಡಿಯವನೂ ಯಾರಿಗೆ ಎಂದು ಕೇಳಲಿಲ್ಲ. ಮಾತ್ರೆ ಮುಗಿಯಿತು, ಉರಿ ಹಾಗೇ ಇತ್ತು.

ಅಷ್ಟರಲ್ಲಿ ಅಂಕಮ್ಮನಿಗೂ ಗೊತ್ತಾಯಿತು. ವಾಸನೆಯನ್ನು ಎಷ್ಟು ದಿನ ಮುಚ್ಚಿಡಲು ಆಗುತ್ತದೆ? ಉಷ್ಣ ಎಂದಳು. ಎಳನೀರು, ನೆನೆಸಿದ ಮೆಂತ್ಯ, ಕಾಮಕಸ್ತೂರಿ ಬೀಜ, ಎಲ್ಲ ಕುಡಿಸಿದಳು. ಹೊಟ್ಟೆ ತಣ್ಣಗಾಯಿತೇ ಹೊರತು ಕಾಯಿಲೆ ಹೋಗಲಿಲ್ಲ. ಕ್ರಿಮಿ ಎಳನೀರಿಗೆ ಹೆದರುವುದಿಲ್ಲ.

ಆ ಬೆಳೆಯಲ್ಲಿ ಹುಳಕ್ಕೂ ರೋಗ ಬಂತು. ಪೊರೆ ಬಿಡುವ ಕೊನೆಯ ಜ್ವರ ಕಳೆದು, ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಹುಳಗಳು ಊದಿಕೊಂಡು ಮೈಯಿಂದ ಹಾಲಿನಂಥ ನೀರು ಸುರಿಸತೊಡಗಿದವು. ರೇಷ್ಮೆಯವರು ಅದನ್ನು ಹಾಲುತೊಂಡೆ ಅನ್ನುತ್ತಾರೆ. ನಮ್ಮ ಕಡೆ ಮುಟ್ಟಾದವರು ಹುಳು ಮನೆಗೆ ಹೋಗುವಂತಿಲ್ಲ, ಹುಳಕ್ಕೆ ಮೈಲಿಗೆ ತಾಗುತ್ತದೆ ಎಂಬ ಕಟ್ಟು ಇನ್ನೂ ಇದೆ. ಅಂಕಮ್ಮ ಆ ಕಟ್ಟಿಗೆ ಇದನ್ನೂ ಸೇರಿಸಿದಳು. ಸೊಸೆಯ ಮೈಯಿಂದ ಹೋಗುವುದೂ ಬಿಳಿ, ಹುಳದ ಮೈಯಿಂದ ಹೋಗುವುದೂ ಬಿಳಿ. ಅವಳ ಲೆಕ್ಕದಲ್ಲಿ ಎರಡೂ ಒಂದೇ.

"ಒಳ್ಗೆ ಬರ್‍ಬ್ಯಾಡ ಕಣವ್ವ. ನಿನ್ ಮೈಯಿಂದ ವೋಯ್ತಿರೋದೇ ಉಳದ್ ಮೈಯಿಂದ್ಲೂ ವೋಯ್ತಾ ಅದೆ," ಎಂದು ಹುಳು ಮನೆಯ ಬಾಗಿಲಲ್ಲಿ ನಿಂತು ಹೇಳಿದಳು.

ಶಿವರಾಜು ಕೇಳಿಸಿಕೊಂಡ, ಸುಮ್ಮನಿದ್ದ. ಹುಳದ ರೋಗ ಹೆಂಗಸಿನಿಂದ ಬರುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನನಗೆ ಅಂಕಮ್ಮನ ಮಾತಿಗಿಂತ ಅವನ ಮೌನದ ಮೇಲೇ ಹೆಚ್ಚು ಸಿಟ್ಟು.

ಅತ್ತೆಯ ಆ ಮಾತು ರಂಜಿತಳ ಎದೆಗೆ ನಾಟಿತು. ಹುಳು ಮನೆ ತೊಳೆಯುವ ಬ್ಲೀಚಿಂಗ್ ಪುಡಿ ಅವಳ ಕೈಗೆ ಸಿಗುವ ಜಾಗದಲ್ಲೇ ಇತ್ತು. ಗೋಡೆ, ನೆಲ, ತಟ್ಟೆಗೆ ಅಂಟಿದ ರೋಗವೆಲ್ಲ ಅದರಿಂದ ಸಾಯುತ್ತದೆ ಅಂತ ಅವಳಿಗೆ ಗೊತ್ತು. ನೆಲಕ್ಕೆ ಆಗುವುದು ಮೈಗೂ ಆಗಬಹುದು ಅಂದುಕೊಂಡಳು. ನೀರಿಗೆ ಕಲಸಿ ಬಚ್ಚಲಿನಲ್ಲಿ ತೊಳೆದುಕೊಂಡಳು, ಒಳಗೂ. ಚರ್ಮ ಸುಟ್ಟಿತು. ಉರಿ ನೂರು ಪಟ್ಟಾಯಿತು. ಅದನ್ನೂ ಆಗ ಯಾರಿಗೂ ಹೇಳಲಿಲ್ಲ.

ಏಳು ತಿಂಗಳಿಗೆ ನೀರಿನ ಚೀಲ ಒಡೆಯಿತು. ಮಳವಳ್ಳಿಯಿಂದ ಮಂಡ್ಯಕ್ಕೆ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ಹೆಣ್ಣು ಮಗು. ಬೊಗಸೆಯಲ್ಲಿ ಹಿಡಿಯುವಷ್ಟಿತ್ತು. ಉಸಿರಾಡಲು ಬಹಳ ಕಷ್ಟಪಟ್ಟು ಮರುದಿನ ಹೋಯಿತು. ಆಸ್ಪತ್ರೆಯವರು ಮಾಡಬೇಕಾದ್ದನ್ನೆಲ್ಲ ಮಾಡಿದರು, ಉಳಿಸಲು ಆಗಲಿಲ್ಲ. ಶಿವರಾಜು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಊರಿಗೆ ಬಂದ. ಎದೆಯಲ್ಲಿ ಹಾಲು ಕಟ್ಟಿಕೊಂಡು ರಂಜಿತ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಇದನ್ನು ಹೇಳುವಾಗ ನನಗೂ ಸಂಕಟವಾಗುತ್ತದೆ, ಆದರೆ ಹೇಳದೆ ಬಿಟ್ಟರೆ ಈ ಕಥೆ ಹೇಳಿ ಪ್ರಯೋಜನವಿಲ್ಲ.

ಹೆರಿಗೆಯ ಸೂತಕ ಕಳೆದ ಮೇಲೆ ಅಂಕಮ್ಮನ ಮಾತು ಬೇರೆಯಾಯಿತು. ಆ ಹೊಟ್ಟೆಯಲ್ಲಿ ಮಗು ನಿಲ್ಲುವುದಿಲ್ಲ, ತವರಿಗೆ, ಶಿವಪುರಕ್ಕೆ ಕಳಿಸಿಬಿಡೋಣ, ಆಮೇಲಿನದು ಆಮೇಲೆ ನೋಡೋಣ ಎಂದು ಮಗನ ಮುಂದೆ ಹೇಳತೊಡಗಿದಳು. ಆಮೇಲಿನದು ಅಂದರೆ ಮಗನಿಗೆ ಇನ್ನೊಂದು ಮದುವೆ ಅಂತ ಊರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ರಂಜಿತಳಿಗೂ ಅರ್ಥವಾಯಿತು. ಕಾಯಿಲೆ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಅದು ವಾಸಿಯಾಗದೆ, ಇನ್ನೊಂದು ಮಗು ಕೈಗೆ ಬರದೆ, ಆ ಮನೆಯಲ್ಲಿ ಅವಳಿಗೆ ಜಾಗವಿಲ್ಲ ಅನ್ನುವ ಹಾಗಾಯಿತು.

ಕವಿತ ಒಂದು ದಿನ ನೋಡಲು ಬಂದಳು. ರಂಜಿತಳ ಒಳಬಟ್ಟೆಗಳು ಬಿಸಿಲಿಗೆ ಬರದೆ ಬಚ್ಚಲ ಮೂಲೆಯಲ್ಲಿ ಸೀರೆಯ ಕೆಳಗೆ ಒಣಗುತ್ತಿದ್ದವು. ಅದರ ಮೇಲಿನ ಹಳದಿ ಕಲೆ ನೋಡಿ ಅವಳಿಗೆ ದಿಗಿಲಾಯಿತು. ನನ್ನದು ಹೀಗಿರಲಿಲ್ಲ, ನಾನು ಏನು ಕೊಟ್ಟುಬಿಟ್ಟೆ ಎಂದು ಅಲ್ಲೇ ಕೂತು ಅತ್ತಳು. ಮರುದಿನ ಬೆಳಿಗ್ಗೆಯ ಬಸ್ಸಿಗೆ ರಂಜಿತಳನ್ನು ಹೊರಡಿಸಿಕೊಂಡು ಮಳವಳ್ಳಿಯ ಸರ್ಕಾರಿ ಆಸ್ಪತ್ರೆಗೆ ಹೋದಳು.

ಅಲ್ಲಿ ಹೆಂಗಸರನ್ನು ನೋಡುವ ಡಾಕ್ಟರು ಸುನಿತಾ. ಅವರೂ ಇದೇ ತಾಲ್ಲೂಕಿನ ರೈತರ ಮನೆಯಿಂದ ಬಂದವರು. ಪರದೆ ಎಳೆದು ಪರೀಕ್ಷೆ ಮಾಡಿದರು, ಹತ್ತಿಕಡ್ಡಿಯಲ್ಲಿ ಸ್ವಲ್ಪ ತೆಗೆದು ಲ್ಯಾಬಿಗೆ ಕಳಿಸಿ ನೋಡಿಸಿದರು. ಆಮೇಲೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಅವರು ಹೇಳಿದ್ದನ್ನು ಕವಿತ ನನಗೆ ಹೇಳಿದ್ದಾಳೆ, ನಾನು ನಿಮಗೆ ಹೇಳುತ್ತೇನೆ. ಈ ಭಾಗ ಬೇಕಾದರೆ ಎರಡು ಸಲ ಓದಿಸಿಕೊಳ್ಳಿ.

ಎಲ್ಲ ಬಿಳಿಯೂ ಕಾಯಿಲೆಯಲ್ಲ. ಎರಡು ಮುಟ್ಟಿನ ನಡುವಿನ ದಿನಗಳಲ್ಲಿ, ಬಸುರಿನಲ್ಲಿ, ಲೋಳೆಯ ಹಾಗೋ ಹಾಲಿನ ಹಾಗೋ ಸ್ವಲ್ಪ ಹೋಗುವುದು ಮೈಯ ಸಹಜ ಗುಣ. ಅದಕ್ಕೆ ಕೆಟ್ಟ ವಾಸನೆ ಇರುವುದಿಲ್ಲ, ತುರಿಕೆ ಉರಿ ಇರುವುದಿಲ್ಲ. ಅದಕ್ಕೆ ಮದ್ದು ಬೇಡ.

ಕವಿತಳಿಗೆ ಬಂದದ್ದು ಒಂದು ಥರದ ಬೂಷ್ಟು. ಅದರಲ್ಲಿ ತುರಿಕೆಯೇ ದೊಡ್ಡದು. ಒಡೆದ ಮೊಸರಿನಂತೆ ಬಿಳಿ, ಅಕ್ಕಪಕ್ಕ ಕೆಂಪಗಾಗಿ ಊದುತ್ತದೆ, ವಾಸನೆ ಸಾಮಾನ್ಯವಾಗಿ ಇರುವುದಿಲ್ಲ. ಶುಗರ್ ಇರುವವರಿಗೆ, ಬಸುರಿಯರಿಗೆ, ಬೇರೆ ಕಾಯಿಲೆಗೆ ಆಂಟಿಬಯೋಟಿಕ್ ನುಂಗಿದವರಿಗೆ ಇದು ಬೇಗ ಬರುತ್ತದೆ. ಮತ್ತೆಮತ್ತೆ ಬಂದರೆ ಶುಗರ್ ನೋಡಿಸಿಕೊಳ್ಳಬೇಕು. ಇನ್ನೊಂದು ಕಾಯಿಲೆಯಲ್ಲಿ ತೆಳ್ಳಗೆ, ಬೂದಿ ಬಿಳುಪಿನ ಬಣ್ಣದ್ದು ಹೋಗುತ್ತದೆ. ಮೀನಿನ ವಾಸನೆ. ಗಂಡನ ಜೊತೆ ಸೇರಿದ ಮೇಲೆ, ಮುಟ್ಟಾದಾಗ, ವಾಸನೆ ಜಾಸ್ತಿ. ತುರಿಕೆ ಅಷ್ಟಾಗಿ ಇರುವುದಿಲ್ಲ. ನಮ್ಮ ಒಳಗೆ ಕಾವಲು ಕಾಯುವ ಒಳ್ಳೆಯ ಕ್ರಿಮಿಗಳಿರುತ್ತವಂತೆ, ಅವು ಕಡಿಮೆಯಾಗಿ ಬೇರೆಯವು ಹೆಚ್ಚಿದಾಗ ಇದು ಬರುತ್ತದೆ. ಕೊಳಕಾಗಿರುವುದರಿಂದ ಬರುವುದಲ್ಲ. ಸೋಪು ಹಾಕಿ ಒಳಗೆ ತೊಳೆದರೆ ಆ ಒಳ್ಳೆಯವೂ ಸಾಯುತ್ತವೆ, ಕಾಯಿಲೆ ಹೆಚ್ಚುತ್ತದೆ.

ರಂಜಿತಳದು ಇವೆರಡೂ ಅಲ್ಲ. ಟ್ರೈಕೊಮೊನಾಸ್ ಎಂಬ ಕಣ್ಣಿಗೆ ಕಾಣದ ಜೀವಿಯಿಂದ ಬರುವುದು. ಹಳದಿ ಹಸಿರು, ನೊರೆ, ವಾಸನೆ, ಉರಿ, ಮೂತ್ರಕ್ಕೆ ಹೋದರೆ ಚುರುಚುರು. ಇದು ಗಂಡಹೆಂಡಿರ ನಡುವೆ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಗಂಡಸಿಗೆ ಬಹಳ ಸಲ ಏನೂ ತೋರುವುದಿಲ್ಲ, ಆದರೆ ಒಳಗೆ ಇರುತ್ತದೆ. ಎಷ್ಟೋ ತಿಂಗಳು ಸುಮ್ಮನೆ ಇದ್ದು ಆಮೇಲೆ ಕಾಣಿಸಿಕೊಳ್ಳುವುದೂ ಉಂಟು, ಹಾಗಾಗಿ ಯಾರು ಯಾರಿಗೆ ತಂದರು ಅಂತ ಜಗಳ ತೆಗೆದು ಫಲವಿಲ್ಲ. ಇಬ್ಬರೂ ಒಟ್ಟಿಗೆ ಬಾಯಿಯಿಂದ ಮಾತ್ರೆ ನುಂಗಬೇಕು. ಇಬ್ಬರಿಗೂ ವಾಸಿಯಾಯಿತು ಅಂತ ಡಾಕ್ಟರು ಹೇಳುವ ತನಕ ಸೇರಬಾರದು.

ಇಷ್ಟು ಹೇಳಿ ಡಾಕ್ಟರು ಒಂದು ಎಚ್ಚರಿಕೆಯನ್ನೂ ಕೊಟ್ಟರು. ಬಣ್ಣ, ವಾಸನೆ ನೋಡಿದರೆ ಅಂದಾಜು ಸಿಗುತ್ತದೆ, ಅಷ್ಟೇ. ಎರಡು ಕಾಯಿಲೆ ಒಟ್ಟಿಗೆ ಇರಬಹುದು, ಲಕ್ಷಣ ಕಲಸಿಕೊಂಡಿರಬಹುದು. ಅಂದಾಜು ಇರುವುದು ಬೇಗ ಆಸ್ಪತ್ರೆಗೆ ಬರುವುದಕ್ಕೆ, ಅಂಗಡಿಯಿಂದ ಮಾತ್ರೆ ತರುವುದಕ್ಕಲ್ಲ.

ರಂಜಿತ ಒಂದೇ ಒಂದು ಪ್ರಶ್ನೆ ಕೇಳಿದಳು. ಮಗು ಹೋದದ್ದು ಇದರಿಂದಲೇನಾ ಅಂತ.

ಡಾಕ್ಟರು ಬರೆಯುತ್ತಿದ್ದ ಚೀಟಿ ಪಕ್ಕಕ್ಕಿಟ್ಟರು. "ಇದ್ರಿಂದ್ಲೇ ಅಂತ ಖಂಡಿತ ಹೇಳಕ್ಕಾಗಲ್ಲಮ್ಮ. ಆದ್ರೆ ಈ ಕಾಯಿಲೆ ಇದ್ರೆ ದಿನ ತುಂಬೋ ಮುಂಚೆ ಹೆರಿಗೆ ಆಗೋ ಭಯ ಇರ್ತದೆ. ಬಸುರಿಯರಿಗೂ ಇದಕ್ಕೆ ಮಾತ್ರೆ ಅದೆ. ಆಗ್ಲೇ ಬಂದಿದ್ರೆ ಕೊಡ್ತಿದ್ದೆ."

ಆಗಲೇ ಬಂದಿದ್ದರೆ ಎಂಬ ಮಾತು ರಂಜಿತಳ ತಲೆಯಲ್ಲೇ ಉಳಿಯಿತು.

ಮನೆಯಲ್ಲಿ ಅವಳು ತನ್ನ ಮಾತ್ರೆ ನುಂಗಿದಳು. ಗಂಡನಿಗೆ ಕೊಟ್ಟದ್ದನ್ನು ಅವನ ಮುಂದೆ ಇಟ್ಟಳು. ಶಿವರಾಜು ಅದನ್ನು ಮುಟ್ಟಲಿಲ್ಲ.

"ನಂಗೇನ್ ಬಂದದೆ ಅಂತ ನಾನ್ ನುಂಗ್ಲಿ? ಎಂಗ್ಸಿನ್ ಕಾಯ್ಲೆಗೆ ಗಂಡ್ಸು ಮಾತ್ರೆ ನುಂಗ್ದ ಅಂದ್ರೆ ಊರ್ನೋರು ನಗಾಕಿಲ್ವಾ?"

ಅಂಕಮ್ಮನೂ ಮಗನ ಕಡೆಯೇ. ಗಂಡಸಿಗೆ ಯಾವ ಬಿಳಿ, ಯಾವ ಕೆಂಪು, ಡಾಕ್ಟರಿಗೆ ತಲೆ ಕೆಟ್ಟಿದೆ ಎಂದಳು. ರಂಜಿತಳಿಗೆ ಸ್ವಲ್ಪ ದಿನ ವಾಸಿಯಾಯಿತು. ಹೆಂಡತಿ ಚೆನ್ನಾದಳು ಅಂತ ಶಿವರಾಜು ಹತ್ತಿರ ಬಂದ. ಮುಂದಿನ ಮುಟ್ಟಿನ ಹೊತ್ತಿಗೆ ಮತ್ತೆ ಅದೇ ಉರಿ, ಅದೇ ನೊರೆ. ನೋಡಿದೆಯಾ, ಆಸ್ಪತ್ರೆಯ ಮದ್ದೂ ಇವಳಿಗೆ ಹತ್ತುವುದಿಲ್ಲ, ಶಿವಪುರಕ್ಕೆ ಫೋನು ಮಾಡು ಎಂದಳು ಅಂಕಮ್ಮ. ಅಷ್ಟರಲ್ಲಿ ರಂಜಿತ ಮತ್ತೆ ಡಾಕ್ಟರ ಹತ್ತಿರ ಹೋಗಿ, ಗಂಡ ಮಾತ್ರೆ ಮುಟ್ಟದ್ದು, ಹುಳದ ರೋಗಕ್ಕೆ ಅತ್ತೆ ಅಂದದ್ದು ಎಲ್ಲ ಹೇಳಿ ಬಂದಿದ್ದಳು. ಶಿವಪುರಕ್ಕೆ ಹೋಗುವ ಮೊದಲು ಒಂದೇ ಒಂದು ಸಲ ನೀವಿಬ್ಬರೂ ಆಸ್ಪತ್ರೆಗೆ ಬನ್ನಿ, ಡಾಕ್ಟರು ಕರೆದಿದ್ದಾರೆ ಎಂದಳು ರಂಜಿತ. ಬೇಡಿಕೊಳ್ಳುವ ದನಿಯಲ್ಲಿ ಹೇಳಲಿಲ್ಲ, ಸೋತವಳ ದನಿಯಲ್ಲಿ ಹೇಳಿದಳು. ಇದೇ ಕೊನೆ ಎಂಬ ಕರಾರಿನ ಮೇಲೆ ಅವರು ಹೊರಟರು.

ಡಾಕ್ಟರು ಶಿವರಾಜುವಿಗೆ ಮಾತ್ರೆಯ ವಿಷಯ ಎತ್ತಲೇ ಇಲ್ಲ. ಹುಳದ ವಿಷಯ ಕೇಳಿದರು. ಆ ಬೆಳೆ ಯಾವ ರೋಗದಿಂದ ಹೋಯಿತು ಅಂದರು. ಹಾಲುತೊಂಡೆ ಅಂದ. ಸುಣ್ಣಕಟ್ಟು ರೋಗ ಯಾಕಲ್ಲ, ಅದರಲ್ಲೂ ಹುಳ ಬೆಳ್ಳಗಾಗುತ್ತದಲ್ಲ ಅಂದರು. ಶಿವರಾಜುವಿಗೆ ಈ ಮಾತಲ್ಲಿ ಹುರುಪು ಬಂತು.

"ಸುಣ್ಣಕಟ್ಟಾದ್ರೆ ಉಳ ಸೆಟ್ಕಂಡು ಬಳಪದ್ ಕಡ್ಡಿ ಆಯ್ತದೆ ಮೇಡಂ. ಆಲ್ತೊಂಡೇಲಿ ಊದ್ಕಂಡು ಚರ್ಮ ಕಿತ್ತು ಆಲು ಸುರೀತದೆ. ಸಪ್ಪೆ ರೋಗ ಆದ್ರೆ ಮೆತ್ಗಾಗಿ ಕಪ್ಪಾಯ್ತದೆ. ಒಂದೊಂದ್ಕೆ ಒಂದೊಂದ್ ಆರೈಕೆ. ಎಲ್ಲ ಒಂದೇ ಅಂದ್ಕಂಡ್ರೆ ಮನೆ ಮುಳುಗ್ದಂಗೆ."

"ಒಂದು ತಟ್ಟೇಲಿ ರೋಗ ಕಾಣ್ತು. ಪಕ್ಕದ್ ತಟ್ಟೆ ಉಳ ಚೆನ್ನಾಗವೆ. ಅದನ್ನ ಹಂಗೇ ಬಿಡ್ತೀಯಾ?"

"ಬುಡಾಕಿಲ್ಲ ಮೇಡಂ. ಚೆಂದಾಗ್ ಕಂಡ್ರೂ ಅದ್ರೊಳ್ಗೂ ಇರ್ತದೆ. ಎರಡ್ಕೂ ಒಟ್ಗೇ..."

ಅಲ್ಲಿಗೆ ಅವನ ಮಾತು ನಿಂತಿತು. ಅವನು ಹೆಂಡತಿಯ ಮುಖ ನೋಡಲಾರದೆ ಕಿಟಕಿಯ ಕಡೆ ನೋಡಿದ. ಹುಳಕ್ಕೆ ಇಷ್ಟು ಕಣ್ಣಿಟ್ಟವನು ಹೆಂಡತಿಯನ್ನು ಒಂದು ಮಾತೂ ಕೇಳಿರಲಿಲ್ಲ.

ಅಷ್ಟು ಹೊತ್ತೂ ಅಂಕಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಳು. ಡಾಕ್ಟರು ಅವಳಿಗೆ ಬಿಡಿಸಿ ಹೇಳಿದರು. ಹುಳದ ರೋಗವೇ ಬೇರೆ, ಹೆಂಗಸಿನ ಕಾಯಿಲೆಯೇ ಬೇರೆ, ಒಂದು ಇನ್ನೊಂದಕ್ಕೆ ಅಂಟುವುದಿಲ್ಲ. ಸೊಸೆಯ ಗರ್ಭಚೀಲ ಚೆನ್ನಾಗಿದೆ. ಹಸಿರು ನೊರೆ, ಉರಿ, ವಾಸನೆ ಇದ್ದದ್ದನ್ನು ಆಗಲೇ ತೋರಿಸಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲವೇನೋ ಎಂದರು. ಹಸಿರು ನೊರೆ ಎಂಬ ಮಾತು ಕೇಳಿ ಅಂಕಮ್ಮ ತಲೆ ಎತ್ತಿದಳು.

"ನಂಗೂ ಅಂಗೇ ವೋಯ್ತಿತ್ತು ಕಣವ್ವ," ಎಂದಳು. ದನಿ ಬಹಳ ಸಣ್ಣದಾಗಿತ್ತು. "ಇವ್ನ್ ಮುಂದ್ಲವು ಎಲ್ಡು ವೋದೋ. ದಿನ ತುಂಬ್ನಿಲ್ಲ. ಎಸ್ರೂ ಇಡ್ನಿಲ್ಲ. ನಮ್ಮತ್ತೆ ನನ್ ಒಟ್ಟೇನೇ ಸರೀಗಿಲ್ಲ ಅಂದ್ಲು. ನಾನೂ ಅದ್ನೇ ನಂಬ್ಕಂಡೆ. ಈಗ ಇವ್ಳ್ಗೂ ಅದ್ನೇ ಅಂದೆ."

ಶಿವರಾಜುವಿಗೆ ತನಗಿಂತ ಮೊದಲು ಇಬ್ಬರು ಹುಟ್ಟಿದ್ದರು ಅಂತ ಆ ದಿನದವರೆಗೆ ಗೊತ್ತಿರಲಿಲ್ಲ. ಅವೂ ಇದರಿಂದಲೇ ಹೋದವಾ ಎಂದು ಅಂಕಮ್ಮ ಕೇಳಿದಳು. ಈಗ ಅದನ್ನು ಯಾರೂ ಹೇಳಲಾರರು ಅವ್ವ, ಆಗಿರಬಹುದು, ಆಗದೆಯೂ ಇರಬಹುದು ಎಂದರು ಡಾಕ್ಟರು. ಅಂಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಡಾಕ್ಟರು ಮೇಜಿನ ಮೇಲೆ ತೆಗೆದಿಟ್ಟಿದ್ದ ಮಾತ್ರೆಯನ್ನು ತಾನೇ ತೆಗೆದುಕೊಂಡು ಮಗನ ಅಂಗೈಗೆ ಹಾಕಿದಳು.

"ನುಂಗ್ಲಾ."

ಶಿವರಾಜು ಎಲ್ಲರ ಮುಂದೆ ನುಂಗಿದ. ರಂಜಿತಳೂ ನುಂಗಿದಳು. ಡಾಕ್ಟರು ಹೇಳಿದಷ್ಟು ದಿನ ಇಬ್ಬರೂ ಬಿಡದೆ ಮುಗಿಸಿದರು, ಅಲ್ಲಿಯವರೆಗೆ ಬೇರೆ ಮಲಗಿದರು. ಮತ್ತೆ ಹೋಗಿ ಪರೀಕ್ಷೆ ಮಾಡಿಸಿದಾಗ ಕಾಯಿಲೆ ಇರಲಿಲ್ಲ. ಶಿವಪುರಕ್ಕೆ ಕಳಿಸುವ ಮಾತು ಆ ಮನೆಯಲ್ಲಿ ಈಗ ಬರುವುದಿಲ್ಲ. ರಂಜಿತ ಈಗ ಹುಳು ಮನೆಯ ಕೆಲಸಕ್ಕೆ ಹೋಗುತ್ತಾಳೆ, ಒಳಬಟ್ಟೆಯನ್ನು ಎಲ್ಲರಿಗೂ ಕಾಣುವ ಹಗ್ಗದ ಮೇಲೆ ಬಿಸಿಲಿಗೆ ಹರವುತ್ತಾಳೆ. ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. ಅವಳ ನಗು ಇನ್ನೂ ವಾಪಸು ಬಂದಿಲ್ಲ. ಅಂಕಮ್ಮ ಅವಳಿಗೆ ಊಟ ಬಡಿಸುವಾಗ ಏನೋ ಹೇಳಲು ಹೋಗಿ ಇನ್ನೊಂದು ಸೌಟು ಸಾರು ಹಾಕುತ್ತಾಳೆ.

ಅಕ್ಕಂದಿರೇ, ತಂಗಿಯರೇ, ಈಗ ನಿಮ್ಮ ಮಾತಿಗೆ ಬರುತ್ತೇನೆ. ನಿಮಗೆ ಹೋಗುವ ಬಿಳಿಯ ಬಣ್ಣ ಬದಲಾಗಿದೆಯಾ? ವಾಸನೆ ಇದೆಯಾ? ತುರಿಕೆ, ಉರಿ ಇದೆಯಾ? ಹಾಗಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ಬಸುರಿಯಾಗಿದ್ದರೆ, ಕಿಬ್ಬೊಟ್ಟೆ ನೋವೋ ಜ್ವರವೋ ಇದ್ದರೆ, ಸೇರಿದ ಮೇಲೆ ರಕ್ತ ಕಂಡರೆ, ಮುಟ್ಟು ನಿಂತ ಎಷ್ಟೋ ವರ್ಷದ ಮೇಲೆ ರಕ್ತ ಕಂಡರೆ ಒಂದು ದಿನವೂ ಕಾಯಬೇಡಿ. ಪಕ್ಕದ ಮನೆಯವಳ ಮಾತ್ರೆ ನಿಮ್ಮದಲ್ಲ. ಒಳಗೆ ಸೋಪು, ಪುಡಿ, ಮದ್ದು ಏನನ್ನೂ ಹಾಕಬೇಡಿ, ಹೊರಗೆ ಬರೀ ನೀರು ಸಾಕು. ನರ್ಸು ಕೇಳಿದಾಗ ಅತ್ತೆ ಪಕ್ಕದಲ್ಲಿದ್ದರೆ, ಸ್ವಲ್ಪ ಒಬ್ಬಳೇ ಮಾತಾಡಬೇಕು ಅನ್ನಿ. ಅಣ್ಣಂದಿರೇ, ಡಾಕ್ಟರು ನಿಮಗೂ ಮಾತ್ರೆ ಕೊಟ್ಟರೆ ನುಂಗಿ. ಅದರಿಂದ ಮೀಸೆ ಉದುರುವುದಿಲ್ಲ.

ಅತ್ತೆಯಂದಿರಿಗೆ ನನ್ನದು ಒಂದೇ ಮಾತು. ನಿಮಗೂ ಹೀಗೆ ಆಗಿದ್ದಿರಬಹುದು. ನೀವು ಬಾಯಿ ಮುಚ್ಚಿಕೊಂಡು ಸಹಿಸಿದಿರಿ. ಸೊಸೆಗೂ ಅದನ್ನೇ ಕಲಿಸಬೇಡಿ. ಅಂಕಮ್ಮನ ಮನೆಯಲ್ಲಿ ಹೆಸರಿಡದೆ ಮಣ್ಣು ಮಾಡಿದ ಮಕ್ಕಳು ಮೂರು. ಅವರಲ್ಲಿ ಯಾರನ್ನು ಉಳಿಸಬಹುದಿತ್ತು ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಇವತ್ತು ಮನೆಗೆ ಹೋದ ಕೂಡಲೇ ನಿಮ್ಮ ಸೊಸೆಯನ್ನು ಪಕ್ಕಕ್ಕೆ ಕರೆದು ಕೇಳಿ. ಅವಳು ಏನೂ ಇಲ್ಲ ಅಂದರೆ ಇನ್ನೊಂದು ಸಲ ಕೇಳಿ.